ಹತ್ತಕ್ಕೆ ಆರು ಬಂದರೆ ಏನರ್ಥ?

ನಿಮ್ಮ ಮಗಳು ಕನ್ನಡ ತರಗತಿಯಲ್ಲಿ 'ಅಜ್ಜಿಯ ಮನೆ' ಎಂದು ಎಂಟು ಸಾಲು ಬರೆದಿದ್ದಾಳೆ ಅಂದುಕೊಳ್ಳಿ. ಪುಟದ ಕೆಳಗೆ ಕೆಂಪು ಶಾಯಿಯಲ್ಲಿ 6/10 ಎಂದಿದೆ. ನಾಲ್ಕು ಅಂಕ ಒತ್ತಕ್ಷರಕ್ಕೆ ಹೋಯಿತೋ, ಅರ್ಧಕ್ಕೆ ನಿಂತ ವಾಕ್ಯಕ್ಕೆ ಹೋಯಿತೋ ಅವಳಿಗೆ ತಿಳಿಯದು. ಅದೇ ಪುಟ ಇನ್ನೊಬ್ಬ ಶಿಕ್ಷಕರ ಕೈ ಸೇರಿದ್ದರೆ ಎಂಟು ಅಂಕವೂ ಬರಬಹುದಿತ್ತು. ಹೀಗೆ ಎರಡು ಮೂರು ಸಲ ಆದರೆ 'ನನಗೆ ಕನ್ನಡ ಬರಲ್ಲ' ಎಂದು ಮಗು ತಾನೇ ತೀರ್ಮಾನಿಸಿಬಿಡುತ್ತದೆ.

ಇದಕ್ಕೊಂದು ಸುಲಭದ ದಾರಿ ರೂಬ್ರಿಕ್. ಯಾವುದನ್ನು ನೋಡಿ ಅಂಕ ಕೊಡುತ್ತೇವೆ ಎಂಬುದನ್ನು ಹಂತ ಹಂತವಾಗಿ ಮೊದಲೇ ಬರೆದು, ಮಕ್ಕಳ ಕೈಗೂ ಕೊಡುವ ಪಟ್ಟಿ ಅದು. ಒತ್ತಕ್ಷರದ ಸಾಲನ್ನೇ ನೋಡಿ:

ಹಂತ 1: ಒತ್ತು ಬಿಟ್ಟುಹೋಗುತ್ತದೆ ('ಅಮ', 'ಅಕ').
ಹಂತ 2: 'ಅಮ್ಮ', 'ಅಕ್ಕ' ಸರಿ, 'ಪುಸ್ತಕ', 'ಚಂದ್ರ' ತಪ್ಪುತ್ತದೆ.
ಹಂತ 3: ಎರಡು ಬಗೆಯೂ ಸರಿ, ಅಲ್ಲೊಂದು ಇಲ್ಲೊಂದು ತಪ್ಪು.
ಹಂತ 4: ತಪ್ಪಾದರೆ ಮಗುವೇ ಗುರುತಿಸಿ ತಿದ್ದಿಕೊಳ್ಳುತ್ತದೆ.

ಈಗ ಎರಡನೇ ಹಂತದ ಮಗುವಿಗೆ ಮುಂದೇನು ಕಲಿಯಬೇಕೆಂದು ಗೊತ್ತು. ಶಿಕ್ಷಕರಿಗೂ ಲಾಭವಿದೆ. ತರಗತಿಯ ಹೆಚ್ಚಿನವರು ಎರಡರಲ್ಲೇ ನಿಂತಿದ್ದರೆ ಮುಂದಿನ ವಾರದ ಪಾಠ ಯಾವುದೆಂದು ಯೋಚಿಸಬೇಕಾಗಿಲ್ಲ. ಬಿಡುವು ಮಾಡಿಕೊಂಡು ಪಾಠ ಹೇಳುವ ಅಪ್ಪ ಅಮ್ಮಂದಿರಿಗೆ ತಿದ್ದುವ ಕೆಲಸವೂ ಹಗುರ.

ಮಲೇಷ್ಯಾದ ಸರ್ಕಾರಿ ಶಾಲೆಗೆ ಹೋಗುವ ಮಕ್ಕಳಿಗೆ ಇದು ಹೊಸತಲ್ಲ. 2021ರಲ್ಲಿ ಯುಪಿಎಸ್‌ಆರ್, 2022ರಲ್ಲಿ ಪಿಟಿ3 ಪರೀಕ್ಷೆ ರದ್ದಾದವು. ತರಗತಿಯಲ್ಲೇ ನಡೆಯುವ ಪಿಬಿಡಿ ಮೌಲ್ಯಮಾಪನದಲ್ಲಿ ಕಲಿಕೆಯನ್ನು 1ರಿಂದ 6ರವರೆಗಿನ 'ಟಿಪಿ' ಹಂತಗಳಲ್ಲಿ ಗುರುತಿಸುತ್ತಾರೆ. ನಮ್ಮೂರಿಗೂ ಇದು ಹೊರಗಿನದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ 'ನಲಿ-ಕಲಿ'ಯಲ್ಲಿ ಕಲಿಕಾ ಏಣಿ ಇರುತ್ತದೆ. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಹಳ್ಳಿಯ ಪುಟ್ಟ ಮಗುವೂ ನೋಡಿಕೊಳ್ಳುತ್ತದೆ.

ಎರಡು ಎಚ್ಚರಿಕೆ ಬೇಕು. ಪಟ್ಟಿ ಉದ್ದವಾದರೆ ಯಾರೂ ಓದುವುದಿಲ್ಲ. ಮೂರು ನಾಲ್ಕು ಸಾಲು ಸಾಕು. ಮಾತಿಗೂ ಬರಹಕ್ಕೂ ಬೇರೆ ಬೇರೆ ಸಾಲು ಇರಲಿ. ಅಜ್ಜಿಯೊಂದಿಗೆ ಫೋನಿನಲ್ಲಿ ಸರಾಗವಾಗಿ ಹರಟುವ ಮಗು ಬರೆಯುವಾಗ ತಡವರಿಸಬಹುದು. ಎರಡನ್ನೂ ಒಂದೇ ಅಂಕದಲ್ಲಿ ಸೇರಿಸಿದರೆ ಅದರ ಬಲವೇ ಕಾಣದೆ ಹೋಗುತ್ತದೆ. ಮಾತಿನಲ್ಲಿ 'ಹೋಗ್ತೀನಿ' ಎಂದರೆ ಅದು ತಪ್ಪಲ್ಲ, ಮನೆಯ ಕನ್ನಡ.

ಶಿಕ್ಷಕರೇ, ಮೊದಲು ಇಬ್ಬರು ಸೇರಿ ಮೂರು ಮಕ್ಕಳ ಬರಹವನ್ನು ಬೇರೆ ಬೇರೆಯಾಗಿ ತಿದ್ದಿ ನೋಡಿ. ಹಂತಗಳು ಹೊಂದದಿದ್ದರೆ ಮಗುವನ್ನಲ್ಲ, ಪಟ್ಟಿಯನ್ನು ತಿದ್ದಿ. ಪಾಲಕರೇ, ಈ ವಾರ ಮಗು ಮನೆಗೆ ಬಂದಾಗ 'ಎಷ್ಟು ಬಂತು?' ಎಂದು ಕೇಳುವ ಬದಲು 'ಮುಂದಿನ ಮೆಟ್ಟಿಲು ಯಾವುದು?' ಎಂದು ಕೇಳಿ.