ಸೊನ್ನೆಯೋ, ಸುದ್ದಿಯೇ ಇಲ್ಲವೋ?

ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಬಿದ್ದ ಮಳೆಯ ಲೆಕ್ಕ 15 ನಿಮಿಷಕ್ಕೊಮ್ಮೆ ಯಲಹಂಕ ತಲುಪುತ್ತದೆ. ಅದನ್ನು ತರಿಸಿಕೊಳ್ಳುವುದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದ ಸಂಸ್ಥೆ ಇದು.

ಈ ಲೆಕ್ಕ ಕೊಡುವ ಮಳೆ ಮಾಪಕದೊಳಗೆ ಸಾಮಾನ್ಯವಾಗಿ ತಕ್ಕಡಿಯಂತೆ ವಾಲಾಡುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿ ಮಗುಚಿದರೆ ಇನ್ನೊಂದು ಮೇಲೇಳುತ್ತದೆ. ಎಷ್ಟು ಸಲ ಮಗುಚಿತೆಂದು ಎಣಿಸುವ ಲಾಗರ್, ದಿನಾಂಕ, ಸಮಯ, ಮಿಲಿಮೀಟರು ಎಂದು ಫೈಲಿಗೆ ಒಂದೊಂದೇ ಸಾಲು ಸೇರಿಸುತ್ತದೆ. ನೆಟ್‌ವರ್ಕ್ ಕೈಕೊಟ್ಟಾಗ ಆ ಫೈಲೇ ಗತಿ.

ತೋಟದಲ್ಲೋ ಕಾಲೇಜಿನಲ್ಲೋ ಸ್ವಂತ ಮಾಪಕ ಇಟ್ಟುಕೊಂಡವರು ಟೆಲಿಗ್ರಾಫ್ ಎಂಬ ಉಚಿತ ತಂತ್ರಾಂಶಕ್ಕೆ ಈ ಫೈಲು ಎಲ್ಲಿದೆ, ಯಾವ ರೂಪದಲ್ಲಿದೆ ಎಂದು ತಿಳಿಸಿದರೆ ಸಾಕು, ಹೊಸ ಸಾಲು ಬಿದ್ದಂತೆಲ್ಲ ಓದಿಕೊಳ್ಳುತ್ತದೆ. ಅಲ್ಲಿಯವರೆಗೆ ಸಲೀಸು. ಪೇಚು ಶುರುವಾಗುವುದು ಗಡಿಯಾರದಿಂದ. ಲಾಗರ್ ಬರೆದಿರುವುದು ನಮ್ಮ ಹೊತ್ತು. ಕಾಲವಲಯ ತಿಳಿಸದಿದ್ದರೆ ತಂತ್ರಾಂಶ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದುಕೊಂಡು ಐದೂವರೆ ಗಂಟೆ ಮುಂದಕ್ಕೆ ತಳ್ಳುತ್ತದೆ. ನಸುಕಿನ 4ಕ್ಕೆ ಸುರಿದ ಮಳೆ ಪರದೆಯ ಮೇಲೆ 9.30ಕ್ಕೆ ಬರುತ್ತದೆ. ಹವಾಮಾನ ಇಲಾಖೆಯ ಮಳೆದಿನವೋ ಬೆಳಿಗ್ಗೆ 8.30ಕ್ಕೇ ಮುಗಿದಿರುತ್ತದೆ. ಹಾಗಾಗಿ ಇಂದಿನ ಮಳೆ ನಾಳೆಯ ಖಾತೆಗೆ ಜಮಾ!

ಇದಕ್ಕಿಂತ ದೊಡ್ಡ ತೊಡಕು ಖಾಲಿ ಜಾಗದ್ದು. ಸೆನ್ಸರ್ ಕೆಟ್ಟಾಗ ಎಷ್ಟೋ ಲಾಗರ್‌ಗಳು -999 ಎಂದು ಬರೆಯುತ್ತವೆ. ಅದನ್ನು ಮಳೆಯೆಂದೇ ಕೂಡಿಸಿದರೆ ಮೋಡ ಭೂಮಿಯಿಂದ ನೀರು ವಾಪಸು ಪಡೆದಂತೆ ಕಾಣುತ್ತದೆ. ಅದಾದರೂ ಕಣ್ಣಿಗೆ ಬೀಳುವ ತಪ್ಪು. ಸಾಲೇ ಇಲ್ಲದ ಕಡೆ ತಂತ್ರಾಂಶ ಸದ್ದಿಲ್ಲದೆ ಸೊನ್ನೆ ತುಂಬಿದರೆ ಯಾರಿಗೂ ಗೊತ್ತಾಗುವುದಿಲ್ಲ. ದಿನಕ್ಕೆ 2.5 ಮಿ.ಮೀ. ಆದರೂ ಬಿದ್ದರೆ ಅದು ಲೆಕ್ಕಕ್ಕೆ ಮಳೆ ಬಂದ ದಿನ. ಬ್ಯಾಟರಿ ಸತ್ತ ವಾರವೆಲ್ಲ ಸೊನ್ನೆಯಾದರೆ ಹದ ಮಳೆಯಲ್ಲಿ ನೆಂದ ರಾಗಿ ಹೊಲವೂ ಕಾಗದದ ಮೇಲೆ ಒಣಗಿಬಿಡುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆ ನಿಂತಿರುವುದು ಇಂಥ ಅಂಕಿಗಳ ಮೇಲೆಯೇ.

ಆದ್ದರಿಂದ ಮಳೆ ಇಲ್ಲದಾಗಲೂ ಲಾಗರ್ 15 ನಿಮಿಷಕ್ಕೊಮ್ಮೆ 0.0 ಎಂದು ಬರೆಯುವಂತಿರಬೇಕು. ಆಗ ಸೊನ್ನೆಯೆಂದರೆ 'ಬದುಕಿದ್ದೇನೆ, ಮಳೆಯಿಲ್ಲ' ಎಂದು ಓದಬಹುದು. ಎರಡು ಮೂರು ಸಾಲು ತಪ್ಪಿದರೆ ಫೋನಿಗೆ ಎಚ್ಚರಿಕೆ ಬರುವಂತೆ ಹೊಂದಿಸಬೇಕು. ಗ್ರಾಫಿನಲ್ಲಿ ಆ ಜಾಗ ಖಾಲಿಯಾಗಿಯೇ ಉಳಿಯಬೇಕು.

ಮಾಪಕದ ಬಾಯಲ್ಲಿರುವ ಆಲಿಕೆಗೆ ಎಲೆಯೋ ಹಕ್ಕಿ ಹಿಕ್ಕೆಯೋ ಕಟ್ಟಿಕೊಂಡಿದ್ದರೆ ಮಾತ್ರ ಸುರಿವ ಮಳೆಯಲ್ಲೂ ಲಾಗರ್ ನಿಯತ್ತಾಗಿ 0.0 ಬರೆಯುತ್ತಲೇ ಇರುತ್ತದೆ. ಪಕ್ಕದ ಪಂಚಾಯಿತಿಯ ಅಂಕಿಯೊಂದಿಗೆ ಹೋಲಿಸಿದರೆ ಅನುಮಾನ ಹುಟ್ಟೀತು. ಆಮೇಲೆ ಯಾರಾದರೂ ಅಲ್ಲಿಗೆ ಹೋಗಿ ಆಲಿಕೆ ತೊಳೆಯಬೇಕು.