ಬೋನಾಳದ ಚಳಿಯಲ್ಲೊಂದು ಗೋದಲಿ



ಆಗಮನ ಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಗೋದಲಿಯ ಡಬ್ಬಿ ಅಟ್ಟದಿಂದ ಕೆಳಗಿಳಿಯುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಪ್ಲಾಸ್ಟರ್ ಪ್ರತಿಮೆಗಳು, ಕಿವಿ ಮುರಿದ ಒಂದು ಕತ್ತೆ, ಜೊತೆಗೆ ಗುಡಿಸಲಿನ ಮೇಲೆ ಹರಡಲು ಒಂದು ಕಟ್ಟು ಹತ್ತಿ. ಹತ್ತಿ ಹಿಮಕ್ಕಾಗಿ. ಅದೇ ದಿನಗಳಲ್ಲಿ ಸುರಪುರ, ಶಹಾಪುರದ ಹೊಲಗಳಲ್ಲಿ ನಮ್ಮ ತಾಯಂದಿರು ನಿಜವಾದ ಹತ್ತಿ ಬಿಡಿಸುತ್ತಿರುತ್ತಾರೆ. ಬೆರಳು ಸೀಳುವ ಆ ಹತ್ತಿ ಗೋದಲಿಗೆ ಬರುವಾಗ ಮಾತ್ರ ನಾವು ಎಂದೂ ಕಾಣದ ಹಿಮವಾಗಿಬಿಡುತ್ತದೆ!

ಗೋದಲಿಯಲ್ಲಿ ಹಿಮವಿದ್ದರೆ ಪಾಪವೇನಲ್ಲ. ಆದರೆ ಅದು ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ನಮ್ಮ ಗೋದಲಿಯನ್ನು ನೋಡುವ ಕಣ್ಣೇ ಬದಲಾಗುತ್ತದೆ.

1223ರ ಕ್ರಿಸ್ತ ಜಯಂತಿಗೆ ಸುಮಾರು ಹದಿನೈದು ದಿನ ಮೊದಲು ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಊರಿನಲ್ಲಿ ತಮ್ಮ ಸ್ನೇಹಿತರೊಬ್ಬರಿಗೆ ಹೇಳಿ ಕಳುಹಿಸಿದರು. ಅವರು ಕೇಳಿದ್ದು ಪ್ರತಿಮೆಗಳನ್ನಲ್ಲ. ಒಂದು ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ. ರಾತ್ರಿ ಊರ ಜನ ದೀವಟಿಗೆ ಹಿಡಿದು ಬಂದರು. ತೊಟ್ಟಿಯ ಮೇಲೆಯೇ ಬಲಿಪೂಜೆ ನಡೆಯಿತು. ಉಪಯಾಜಕರಾಗಿದ್ದ ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿದರು. ಸಂತ ಲೂಕರ ಶುಭಸಂದೇಶದಲ್ಲಿ ಎತ್ತು, ಕತ್ತೆಗಳ ಮಾತಿಲ್ಲ ಎಂಬುದನ್ನು ಗಮನಿಸಿ. ತನ್ನ ಒಡೆಯನ ಕೊಟ್ಟಿಗೆಯನ್ನು ಅವು ಬಲ್ಲವು ಎಂದು ಪ್ರವಾದಿ ಯೆಶಾಯ ಹೇಳಿದ್ದನ್ನು ನೆನೆದು ಧರ್ಮಸಭೆ ಅವನ್ನು ಬಹಳ ಹಿಂದೆಯೇ ಬಾಲಯೇಸುವಿನ ಬಳಿ ನಿಲ್ಲಿಸಿತ್ತು. ಫ್ರಾನ್ಸಿಸರು ಆ ಊರಿನ ಎತ್ತನ್ನೇ, ಆ ಊರಿನ ಹುಲ್ಲನ್ನೇ ತರಿಸಿದರು. ಇದರ 800ನೆಯ ವರ್ಷವನ್ನು 2023ರಲ್ಲಿ ಧರ್ಮಸಭೆ ಸ್ಮರಿಸಿತು. ಅದಕ್ಕೂ ಮೊದಲೇ, 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸರು ಗ್ರೆಚ್ಚೊಗೇ ಹೋಗಿ ಗೋದಲಿಯ ಕುರಿತ ಪ್ರೇಷಿತ ಪತ್ರಕ್ಕೆ ಸಹಿ ಹಾಕಿದ್ದರು.

ಇನ್ನು ಹಿಮದ ಮಾತು. ಪೀಟರ್ ಬ್ರೂಗೆಲ್ ಎಂಬ ಚಿತ್ರಕಾರ 1566ರಲ್ಲಿ ಬೆತ್ಲೆಹೇಮಿನ ಜನಗಣತಿಯನ್ನು ಚಿತ್ರಿಸಿದರು. ಅದರಲ್ಲಿ ಕಾಣುವುದು ಯೂದಾಯದ ಊರಲ್ಲ, ಇಂದಿನ ಬೆಲ್ಜಿಯಂ ಭಾಗದ ಒಂದು ಹಳ್ಳಿ. ಎಲ್ಲೆಲ್ಲೂ ಹಿಮ, ಮಂಜುಗಡ್ಡೆಯ ಮೇಲೆ ಜಾರಾಡುವ ಮಕ್ಕಳು, ಹೆಸರು ಬರೆಸಲು ಕಿಟಕಿಯ ಮುಂದೆ ಮುತ್ತಿದ ಜನ. ಆ ಗದ್ದಲದ ನಡುವೆ ಕತ್ತೆಯ ಮೇಲೆ ಮಾತೆ ಮರಿಯಮ್ಮನವರು, ಮುಂದೆ ನಡೆಯುವ ಜೋಸೆಫರು. ಯಾರೂ ಅವರತ್ತ ತಿರುಗಿ ನೋಡುತ್ತಿಲ್ಲ. ಬ್ರೂಗೆಲ್ ಬರೆದದ್ದು ತಮ್ಮ ಊರಿನ ಚಳಿಗಾಲವನ್ನು. ನಾವು ಅವರ ಹಿಮವನ್ನು ತೆಗೆದುಕೊಂಡೆವು, ಅವರು ಮಾಡಿದ ಕೆಲಸವನ್ನು ಬಿಟ್ಟೆವು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪೋಲೆಂಡಿನ ಕ್ರಾಕೋವ್ ನಗರದ ಗೋದಲಿ. ಅಲ್ಲಿ ಅದನ್ನು ಕಟ್ಟುವ ಪದ್ಧತಿಯನ್ನು ಬೆಳೆಸಿದವರು ಗೌಂಡಿಗಳು, ಕಟ್ಟಡ ಕೆಲಸಗಾರರು. ಕಡು ಚಳಿಯಲ್ಲಿ ಕಟ್ಟಡದ ಕೆಲಸ ನಿಲ್ಲುತ್ತಿತ್ತು, ಕೂಲಿಯೂ ನಿಲ್ಲುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಮನೆಯಲ್ಲಿ ಕುಳಿತು ತಮ್ಮ ನಗರದ ದೇವಾಲಯದ ಗೋಪುರಗಳಂತೆಯೇ ಗೋದಲಿ ಕಟ್ಟಿ, ಬಣ್ಣದ ಮಿರುಗು ಕಾಗದ ಅಂಟಿಸಿ, ಮನೆಮನೆಗೆ ಹೊತ್ತೊಯ್ದು ಹಾಡಿ ನಾಲ್ಕು ಕಾಸು ಸಂಪಾದಿಸುತ್ತಿದ್ದರು. 1937ರಲ್ಲಿ ಇದಕ್ಕೊಂದು ಸ್ಪರ್ಧೆ ಆರಂಭವಾಯಿತು. 2018ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ದೇಶದಲ್ಲೂ ಇಂತಹವರಿದ್ದರು. ಗೋವೆಯಲ್ಲಿ 1902ರಲ್ಲಿ ಜನಿಸಿ ಶಾಂತಿನಿಕೇತನದಲ್ಲಿ ಕಲಿತ ಆಂಜೆಲೊ ದ ಫೊನ್ಸೆಕ ಮರಿಯಮ್ಮನವರಿಗೆ ಸೀರೆ ಉಡಿಸಿ ಚಿತ್ರಿಸಿದರು. ಅದಕ್ಕಾಗಿ ಸ್ವಂತ ಊರಿನವರಿಂದಲೇ ಟೀಕೆಯನ್ನೂ ಉಂಡರು.

ಈಗ ನಮ್ಮ ಬೋನಾಳಕ್ಕೆ ಬರೋಣ. ಸುರಪುರದ ನಾಯಕ ಅರಸರ ಕಾಲದ ಕೆರೆ ಇದು. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರದ ಆಡಳಿತ ನಡೆಸಿದ ಮೆಡೋಸ್ ಟೇಲರ್ ಇದನ್ನು ವಿಸ್ತರಿಸಿದರು. ಅವರು ಕಾದಂಬರಿಕಾರರು, ಚಿತ್ರ ಬರೆಯುವ ಕೈಯೂ ಅವರದಾಗಿತ್ತು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಈ ಕೆರೆಗೆ ಬರುತ್ತವೆ. ಪೂರ್ವದಿಂದ ಬಂದ ಮೂವರು ಜ್ಞಾನಿಗಳ ಜೊತೆ ಒಂದೆರಡು ಹೆಬ್ಬಾತುಗಳನ್ನೂ ಇಟ್ಟರೆ ತಪ್ಪೇನು?

ಕುರಿಗಳನ್ನೇ ನೋಡಿ. ಡಬ್ಬಿಯ ಕುರಿಗಳು ಹಾಲಿನಂತೆ ಬಿಳಿ. ನಮ್ಮ ದಖ್ಖನಿ ಕುರಿಗಳು ಹೆಚ್ಚಾಗಿ ಕಪ್ಪು. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆಯನ್ನು ತಂಗಿಸಿ, ಕರಿ ಕಂಬಳಿ ಹೊದ್ದು, ಬೆಂಕಿ ಹಾಕಿಕೊಂಡು ರಾತ್ರಿಯಿಡೀ ಕಾಯುವ ಕುರುಬರನ್ನು ನೋಡಿದವರಿಗೆ ಸಂತ ಲೂಕರ ಎರಡನೆಯ ಅಧ್ಯಾಯಕ್ಕೆ ಬೇರೆ ವಿವರಣೆ ಬೇಡ. ಎತ್ತುಗಳಂತೂ ನಮ್ಮ ಕುಂಬಾರರ ಕೈಗೆ ಚೆನ್ನಾಗಿ ಗೊತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಅವರು ಮಾಡುವ ಜೋಡಿಯನ್ನೇ ಡಿಸೆಂಬರಿನಲ್ಲೂ ಮಾಡಿಕೊಡಿ ಎಂದು ಕೇಳಬಹುದು. ಮಕ್ಕಳೇ ಮಾಡುವುದಾದರೆ ಹೊಲದ ಎರೆಮಣ್ಣು ಬೇಡ, ಒಣಗುವಾಗ ಬಿರಿಯುತ್ತದೆ. ಜಿಗುಟಾದ ಕೆರೆಮಣ್ಣು ತಂದು, ಕಲ್ಲು ಆರಿಸಿ, ಚೆನ್ನಾಗಿ ನಾದಿ, ಮೊದಲು ನೆರಳಲ್ಲಿ ಒಣಗಿಸಿ. ಹುಲ್ಲಿಗೆ ಕಾಲುವೆ ಕೆಳಗಿನ ಗದ್ದೆಯ ಭತ್ತದ ಹುಲ್ಲಿದೆ. ಕಿರೀಟಕ್ಕೆ ಸ್ವಲ್ಪ ಚಿನ್ನದ ಬಣ್ಣವಿರಲಿ. ಚಿನ್ನದ ಲೇಪಕ್ಕೆ ಹೆಸರಾದ ಸುರಪುರ ಶೈಲಿಯ ಚಿತ್ರಗಳು ಹುಟ್ಟಿದ್ದು ಇಲ್ಲಿಯೇ ಅಲ್ಲವೇ?

ಆದರೆ ಕಲಾವಿದರು ಹಿಂದು ಮುಂದು ನೋಡದೆ ಬರೆದ ಒಂದು ಸಂಗತಿಯನ್ನು ನಾವು ಗೋದಲಿಯಿಂದ ಹೊರಗಿಟ್ಟಿದ್ದೇವೆ. ಅದು ಗುಳೆ. ಕ್ರಾಕೋವಿನ ಗೌಂಡಿಗೆ ಚಳಿಗಾಲವೆಂದರೆ ಮನೆಯಲ್ಲಿ ಇರುವ ಕಾಲ. ನಮ್ಮ ಹಳ್ಳಿಯವನಿಗೆ ಸುಗ್ಗಿ ಮುಗಿದರೆ ಮನೆ ಬಿಡುವ ಕಾಲ. ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡ ಕೆಲಸಕ್ಕೆ ಗಂಟುಮೂಟೆ, ಮಕ್ಕಳೊಂದಿಗೆ ಬಸ್ಸು ಹತ್ತುತ್ತಾರೆ. ಬಸುರಿ ಹೆಂಗಸರೂ ಹೋಗುತ್ತಾರೆ. ತುಂಬು ಗರ್ಭಿಣಿ ಮರಿಯಮ್ಮನವರು ನಜರೇತಿನಿಂದ ಬೆತ್ಲೆಹೇಮಿಗೆ ಹೋದದ್ದೂ ಸ್ವಂತ ಇಷ್ಟದಿಂದಲ್ಲ, ಚಕ್ರವರ್ತಿಯ ಆಜ್ಞೆಯಿಂದ. ಛತ್ರದಲ್ಲಿ ಸ್ಥಳವಿರಲಿಲ್ಲ. ಹೆಂಡತಿಯ ಹೆರಿಗೆಗೆ ಜಾಗ ಸಿಗದೆ ಊರೂರು ಅಲೆದ ಗಂಡನ ಮುಖ ಹೇಗಿರುತ್ತದೆ ಎಂಬುದು ನಮ್ಮ ಧರ್ಮಕೇಂದ್ರದ ಅನೇಕರಿಗೆ ಪ್ರವಚನದಿಂದ ಕಲಿಯಬೇಕಾದ ವಿಷಯವಲ್ಲ.

ಆದ್ದರಿಂದ ಈ ಸಲ ಗೋದಲಿಯ ದಾರಿಯಲ್ಲಿ ತಲೆಯ ಮೇಲೆ ಗಂಟು ಹೊತ್ತ ಒಂದು ಕುಟುಂಬವನ್ನೂ ಇಡಿ. ಬೀಗ ಹಾಕಿರುವ ನೆರೆಮನೆಯವರ ಹೆಸರು ಹೇಳಿ, ಅವರಿಗಾಗಿ ಒಂದು ಜಪಸರ ಮಾಡಿ. ಅವರ ನಂಬರು ನಿಮ್ಮಲ್ಲಿದ್ದರೆ ಹಬ್ಬದ ರಾತ್ರಿ ಫೋನು ಮಾಡಿ. ಅಲ್ಲಿ ಅವರ ತಗಡಿನ ಶೆಡ್ಡಿನಲ್ಲಿಯೂ ನಾಲ್ಕು ಇಟ್ಟಿಗೆ, ಒಂದು ಸಿಮೆಂಟಿನ ಚೀಲದಿಂದ ಗೋದಲಿ ಕಟ್ಟಬಹುದೆಂದು ಹೇಳಿ. ಇಟ್ಟಿಗೆ ಜೋಡಿಸುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಬಾಲಯೇಸುವನ್ನು ಮಾತ್ರ ನಡುರಾತ್ರಿಯ ತನಕ ಇಡಬೇಡಿ, ತೊಟ್ಟಿ ಖಾಲಿ ಇರಲಿ.

ಪ್ರಭುವಿನ ದೀಕ್ಷಾಸ್ನಾನದ ಹಬ್ಬದ ನಂತರ ಗೋದಲಿ ಬಿಚ್ಚುವಾಗ ಸುಡದ ಮಣ್ಣಿನ ಗೊಂಬೆಗಳನ್ನು ಕೆರೆಗೆ ಬಿಡಬಹುದು, ಕರಗಿ ಹೋಗುತ್ತವೆ. ಎತ್ತುಗಳನ್ನು ಮಕ್ಕಳು ಕೇಳಿದರೆ ಅವರಿಗೇ ಕೊಡಿ.