ಹಚ್ಚಿದರೆ ಬತ್ತಿ, ಹಚ್ಚಿಕೊಂಡರೆ ಮುಲಾಮು

ಚಳಿ ಶುರುವಾಯಿತೆಂದರೆ ಹಿಮ್ಮಡಿ ಒಡೆಯುವ ಕಾಲ. ಮೇಣದ ಬತ್ತಿಯ ತುಂಡನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ, ಮಲಗುವ ಮುನ್ನ ಬಿರುಕುಗಳಿಗೆ ಹಚ್ಚುವುದು ಅನೇಕ ಮನೆಗಳಲ್ಲಿ ಹಳೆಯ ರೂಢಿ. ಅದೇ ಉಪಾಯ ಈಗ ಚೆಂದದ ಡಬ್ಬಿಯಲ್ಲಿ 'ಮಸಾಜ್ ಕ್ಯಾಂಡಲ್' ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿದೆ. ಬತ್ತಿ ಉರಿಸಿ, ಕರಗಿದ್ದನ್ನು ಮೈಗೆ ಸವರಿಕೊಳ್ಳಬೇಕಂತೆ. ಇದು ಚರ್ಮಕ್ಕೆ ಒಳ್ಳೆಯದೇ?

ವ್ಯತ್ಯಾಸವೇನು?

ಕರೆಂಟು ಹೋದಾಗ ಉರಿಸುವ ಬತ್ತಿ ಸಾಮಾನ್ಯವಾಗಿ ಪ್ಯಾರಫಿನ್‌ನದು. ಅದು ಕರಗಲು 50ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಮಸಾಜ್ ಕ್ಯಾಂಡಲಿನಲ್ಲಿ ಸೋಯಾ ಮೇಣದ ಜೊತೆ ಕೊಬ್ಬರಿ ಎಣ್ಣೆ, ಕೋಕೋ ಬೆಣ್ಣೆ ಅಥವಾ ಶಿಯಾ ಬೆಣ್ಣೆ ಬೆರೆಸಿರುತ್ತಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ, ಕೋಕೋ ಬೆಣ್ಣೆ ಸುಮಾರು 35 ಡಿಗ್ರಿಗೆ ಕರಗುತ್ತದೆ. ಹಾಗಾಗಿ ಈ ಮಿಶ್ರಣ ಕಡಿಮೆ ಬಿಸಿಗೇ ಎಣ್ಣೆಯಾಗುತ್ತದೆ.

ಎಣ್ಣೆಯಾಗಲಿ ಮೇಣವಾಗಲಿ ಚರ್ಮಕ್ಕೆ ನೀರು ಕೊಡುವುದಿಲ್ಲ. ಇರುವ ನೀರು ಆರಿಹೋಗದಂತೆ ಮೇಲೆ ಮುಚ್ಚಳವಾಗುತ್ತದೆ, ಅಷ್ಟೇ. ಆದ್ದರಿಂದ ಸ್ನಾನವಾದ ಕೂಡಲೇ, ಮೈ ಇನ್ನೂ ತುಸು ತೇವವಿರುವಾಗ ಹಚ್ಚಿದರೆ ಹೆಚ್ಚು ಗುಣ.

ಅಪಾಯ ಇರುವುದು ಬಿಸಿಯಲ್ಲಿ

ಕಡಿಮೆ ಬಿಸಿಗೆ ಕರಗುತ್ತದೆ ಎಂದ ಮಾತ್ರಕ್ಕೆ ಅದು ತಣ್ಣಗಿರುತ್ತದೆ ಎಂದಲ್ಲ. ಜ್ವಾಲೆಯ ಪಕ್ಕದ ಎಣ್ಣೆ ಬಹಳ ಬಿಸಿಯಾಗಿರುತ್ತದೆ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಮಕ್ಕಳ ಚರ್ಮ ಇನ್ನೂ ಬೇಗ ಸುಡುತ್ತದೆ. ಬತ್ತಿಯನ್ನು ಆರಿಸಿ, ಕೆಲವು ನಿಮಿಷ ಬಿಟ್ಟು, ಮಗುವಿನ ಹಾಲಿನ ಬಿಸಿ ನೋಡುವಂತೆ ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಹಾಕಿ ನೋಡಿ. ಉರಿಯುತ್ತಿರುವ ಬತ್ತಿಯಿಂದ ನೇರವಾಗಿ ಸುರಿದುಕೊಳ್ಳಬೇಡಿ. ದುಪಟ್ಟಾ, ಉದ್ದ ತೋಳು ಜ್ವಾಲೆಯಿಂದ ದೂರವಿರಲಿ. ಎಣ್ಣೆ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇನ್ನಷ್ಟು ಎಚ್ಚರ ಬೇಕು. ಹಲವು ವರ್ಷಗಳ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿರಬಹುದು. ಪ್ರೀತಿಯಿಂದ ಉಮ್ಮನ ಹಿಮ್ಮಡಿಗೆ ಬಿಸಿ ಮೇಣ ಹಚ್ಚುತ್ತೀರಿ. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಮರುದಿನ ಬೊಬ್ಬೆ, ವಾರ ಕಳೆದರೆ ಮಾಯದ ಹುಣ್ಣು. ಅಂತಹ ಹುಣ್ಣು ಕೆಲವೊಮ್ಮೆ ಕಾಲನ್ನೇ ಕಳೆಯುವ ಹಂತಕ್ಕೆ ಒಯ್ಯುತ್ತದೆ. ಅವರ ಪಾದಕ್ಕೆ ತಣ್ಣನೆಯ ಮುಲಾಮು ಮಾತ್ರ ಸಾಕು. ಬಿರುಕಿನಿಂದ ರಕ್ತ, ಕೀವು ಬಂದರೆ ವೈದ್ಯರಿಗೆ ತೋರಿಸಿ.

ಸುವಾಸನೆ, ಬಣ್ಣ ಹೆಚ್ಚಿದಷ್ಟೂ ತುರಿಕೆಯ ಸಂಭವ ಹೆಚ್ಚು. ಅಲಂಕಾರದ ಬಣ್ಣದ ಬತ್ತಿ ಮೈಗೆ ಬೇಡವೇ ಬೇಡ.

ವುಝೂ ಮಾಡುವವರಿಗೆ

ದಿನಕ್ಕೆ ಹಲವು ಬಾರಿ ತೊಳೆದ ಪಾದ ಚಳಿಯಲ್ಲಿ ಬೇಗ ಒಣಗುತ್ತದೆ. ತೊಳೆದ ಮೇಲೆ ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ. ಅಲ್ಲಿ ತೇವ ಉಳಿದರೆ ಶಿಲೀಂಧ್ರದ ಸೋಂಕು ಬರಬಹುದು. ಮುಲಾಮನ್ನು ಹಿಮ್ಮಡಿಗೂ ಅಂಗಾಲಿಗೂ ಹಚ್ಚಿ, ಸಂದುಗಳಿಗೆ ಬೇಡ. ಇಶಾ ನಂತರ ಹಚ್ಚಿ ಕಾಲುಚೀಲ ಹಾಕಿಕೊಂಡು ಮಲಗಿದರೆ ರಾತ್ರಿಯಿಡೀ ಕೆಲಸ ಮಾಡುತ್ತದೆ. ಗಟ್ಟಿ ಮೇಣದ ಪದರ ನೀರನ್ನು ತಡೆಯುವುದರಿಂದ, ಬೆಳಿಗ್ಗೆ ಅದನ್ನು ಉಜ್ಜಿ ತೆಗೆದು ವುಝೂ ಮಾಡಿ.

ಬತ್ತಿಯಿಲ್ಲದ ಮುಲಾಮು

ಇದಕ್ಕೆ ದುಬಾರಿ ಡಬ್ಬಿಯೇ ಬೇಕಿಲ್ಲ. ಒಂದು ಚಮಚ ಶುದ್ಧ ಜೇನುಮೇಣದ ತುರಿಗೆ ನಾಲ್ಕು ಚಮಚ ಕೊಬ್ಬರಿ ಎಣ್ಣೆ ಬೆರೆಸಿ. ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ನೇರ ಉರಿಯ ಮೇಲಿಟ್ಟರೆ ಮೇಣಕ್ಕೆ ಬೆಂಕಿ ಹತ್ತಬಹುದು. ಹಾಗೇನಾದರೂ ಆದರೆ ನೀರು ಹಾಕಬೇಡಿ, ಒಲೆ ಆರಿಸಿ ತಟ್ಟೆ ಮುಚ್ಚಿ. ಕರಗಿದ್ದನ್ನು ಒಣ ಡಬ್ಬಿಗೆ ಸುರಿದು, ಪೂರ್ತಿ ತಣ್ಣಗಾದ ಮೇಲೆ ಬಳಸಿ. ಮೊದಲು ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ತುರಿಕೆಯಿಲ್ಲದಿದ್ದರೆ ಮನೆಮಂದಿಯೆಲ್ಲ ಬಳಸಬಹುದು, ಉಮ್ಮನೂ ಕೂಡ.